ನೆಲದ ತಾಪಮಾನವೆಂಬ ಚರಿತ್ರಾಧಾರ

ಮಾಯಕೊಂಡವೆಂದೊಡನೆ ಚರಿತ್ರೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು 1747-48ರ ಕಾಳಗ. ಚಿತ್ರದುರ್ಗದ ಹಿರಿಯ ಮದಕರಿನಾಯಕನು ಅಲ್ಲಿ ಮಡಿದನೆಂಬುದನ್ನು ಬಖೈರುಗಳಿಂದ ಅರಿಯುತ್ತೇವೆ. ಆ ಕಾಲದಲ್ಲಿ ಈ ಬಯಲು ಎಷ್ಟು ಬೆಚ್ಚಗಿತ್ತೆಂದು ಕೇಳಿದರೆ ಬಖೈರು ಮೌನ ತಾಳುತ್ತದೆ. ಉಷ್ಣಮಾಪಕವನ್ನಿಟ್ಟು ಕ್ರಮವಾಗಿ ದಾಖಲಿಸುವ ಪದ್ಧತಿ ಚಿತ್ರದುರ್ಗದ ಸೀಮೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಅದಕ್ಕೆ ಹಿಂದಿನ ಕಾಲಕ್ಕೆ ನೆಲವನ್ನೇ ಸಾಕ್ಷಿ ಕರೆಯಬೇಕಾಗುತ್ತದೆ.

ಇದು ಅಲಂಕಾರದ ಮಾತಲ್ಲ. ಋತುಮಾನದ ಏರಿಳಿತ ಹತ್ತಿಪ್ಪತ್ತು ಮೀಟರು ಇಳಿಯುವಷ್ಟರಲ್ಲಿ ಅಡಗಿಹೋಗುತ್ತದೆ. ಶತಮಾನದಷ್ಟು ದೀರ್ಘವಾದ ಬದಲಾವಣೆಯಾದರೋ ಬಹು ಮಂದಗತಿಯಿಂದ ನೂರು ಮೀಟರಿನವರೆಗೂ ಇಳಿದು, ಅಲ್ಲಿ ಕ್ಷೀಣವಾದ ಗುರುತನ್ನು ಉಳಿಸುತ್ತದೆ. ಹೈದರಾಬಾದಿನ ಭೂಭೌತ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ಭಾರತದ ಕೊಳವೆಬಾವಿಗಳಲ್ಲಿ ಈ ಗುರುತನ್ನು ಓದಿ, ಸುಮಾರು 150 ವರ್ಷಗಳಲ್ಲಿ ನೆಲದ ಮೇಲ್ಮೈ ಸರಿಸುಮಾರು 0.9 ಡಿಗ್ರಿ ಸೆಲ್ಸಿಯಸ್ ಬೆಚ್ಚಗಾಗಿದೆಯೆಂದು 2002ರಲ್ಲಿ ಪ್ರಕಟಿಸಿದರು.

ಈ ಓದಿನ ಹಳೆಯ ಉದಾಹರಣೆಯೊಂದು ಸೈಬೀರಿಯದ್ದು. ಯಾಕುತ್ಸ್ಕ್ ನಗರದಲ್ಲಿ ಶೆರ್ಗಿನ್ ಎಂಬ ವರ್ತಕನು 1828ರಲ್ಲಿ ನೀರಿಗಾಗಿ ಬಾವಿ ತೋಡಿಸತೊಡಗಿದನು. 1837ರ ಹೊತ್ತಿಗೆ 116 ಮೀಟರಿಗೆ ಇಳಿದರೂ ನೆಲವೆಲ್ಲ ಹೆಪ್ಪುಗಟ್ಟಿಯೇ ಇತ್ತು. ನೀರು ದೊರೆಯಲಿಲ್ಲ, ವಿಜ್ಞಾನಕ್ಕೆ ಬಾವಿ ದೊರೆಯಿತು! 1844ರಲ್ಲಿ ಮಿಡ್ಡೆನ್‌ಡಾರ್ಫ್ ಅದರ ಗೋಡೆಗಳಲ್ಲಿ ರಂಧ್ರ ಕೊರೆಸಿ ಉಷ್ಣಮಾಪಕಗಳನ್ನಿರಿಸಿದನು.

ನಮ್ಮ ದೇಶದಲ್ಲಿ ಅಂತಹ ನೆಲವಿರುವುದು ಹಿಮಾಲಯದಲ್ಲಿ. ಸತತವಾಗಿ ಎರಡು ವರ್ಷವಾದರೂ ಸೊನ್ನೆ ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೆ ಉಳಿದ ನೆಲವನ್ನು ಮಾತ್ರ ಪರ್ಮಾಫ್ರಾಸ್ಟ್, ಎಂದರೆ ನಿತ್ಯಹಿಮನೆಲ, ಎನ್ನುತ್ತಾರೆ. ವ್ಯಾಖ್ಯೆಯೊಳಗೇ ಕಾಲಾನುಕ್ರಮ ಸೇರಿರುವುದನ್ನು ಚರಿತ್ರಕಾರರಾದ ನಾವು ಗಮನಿಸಬೇಕು. ಲೇಹ್ ಬಳಿ ಸಿಂಧೂನದಿಗೆ ಹರಿಯುವ ಗಂಗ್ಲಾಸ್ ಹಳ್ಳದ ಜಲಾನಯನದಲ್ಲಿ, 4727 ಮೀಟರು ಎತ್ತರದ ಸೌತ್ ಪುಲ್ಲುವಿನಲ್ಲಿ, 2015ರ ಸೆಪ್ಟೆಂಬರಿನಿಂದ 2017ರ ಆಗಸ್ಟಿನವರೆಗೆ ನೆಲಕ್ಕೂ ಗಾಳಿಗೂ ನಡುವಣ ಶಾಖವಿನಿಮಯವನ್ನು ಅಳೆದರು. ಚಿತ್ರದುರ್ಗದ ದಾಖಲೆಗೆ ಶತಮಾನ ಸಂದಮೇಲೆ ಆರಂಭವಾದ ಕೆಲಸವಿದು.

ಇಲ್ಲಿ ವಿಳಂಬಕ್ಕೆ ತೆರುವ ಬೆಲೆ ದೊಡ್ಡದು. ಹೆಪ್ಪುಗಟ್ಟಿದ ನೆಲ ಕರಗತೊಡಗಿದಾಗ ಒಳಬಂದ ಶಾಖವೆಲ್ಲ ಮಂಜುಗಡ್ಡೆಯನ್ನು ನೀರಾಗಿಸುವುದಕ್ಕೇ ವ್ಯಯವಾಗಿ, ಮಾಪಕದ ಅಂಕಿ ಸೊನ್ನೆಯ ಬಳಿ ನಿಂತುಬಿಡುತ್ತದೆ. ಅಂಕಿ ನಿಶ್ಚಲವಾಗಿರುವುದರಿಂದ ನೆಲವೂ ನಿಶ್ಚಲವಾಗಿದೆಯೆಂದು ಬಗೆಯುವುದು ತಪ್ಪು. ಪತ್ರಾಗಾರಕ್ಕೆ ಗೆದ್ದಲು ಹತ್ತಿದಂತೆ, ಹಿಂದಿನ ಶತಮಾನಗಳ ಗುರುತು ಆಗಲೇ ಅಳಿಯುತ್ತಿರುತ್ತದೆ.

ಮಾಯಕೊಂಡದ ನೆಲ ಹೆಪ್ಪುಗಟ್ಟುವುದಿಲ್ಲ; ಆದರೂ ಅಳಿಯುವ ಭಯ ಇಲ್ಲಿಯೂ ಉಂಟು. ನೀರೆತ್ತುವ ಕೊಳವೆಬಾವಿಯಲ್ಲಿ ಚಲಿಸುವ ನೀರು ಆಳದ ತಾಪವನ್ನು ಕಲಕಿಬಿಡುತ್ತದೆ. ಬಹುಕಾಲ ಬಳಸದೆ ಬಿಟ್ಟ ಬಾವಿಗಳೇ ಓದಲು ಯೋಗ್ಯವಾದವು. ಮಕ್ಕಳು ಬೀಳದಂತೆ ಅವುಗಳನ್ನು ಮುಚ್ಚುವುದು ಸರಿಯಾದ ಕೆಲಸ, ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಮುಚ್ಚುವ ಮುನ್ನ ಒಮ್ಮೆ ಉಷ್ಣಮಾಪಕವನ್ನು ಇಳಿಸಿ, ಹತ್ತು ಹತ್ತು ಮೀಟರಿಗೆ ಅಂಕಿಗಳನ್ನು ಬರೆದುಕೊಳ್ಳಲು ನಮ್ಮ ಕಾಲೇಜುಗಳ ಭೂಗೋಳ, ಭೌತಶಾಸ್ತ್ರ ವಿಭಾಗಗಳು ಒಂದು ದಿನ ಬಿಡುವು ಮಾಡಿಕೊಳ್ಳಬೇಕೆಂದಷ್ಟೇ ಕೇಳುತ್ತೇವೆ.