ಉಪ್ಪುಗಾಳಿ ಮತ್ತು ಕಾಂಕ್ರೀಟ್ ಸೇತುವೆಗಳು

ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳನ್ನು ಸಿಮೆಂಟಿನ ಕ್ಷಾರಗುಣದಿಂದ ಮೂಡುವ ತೆಳುವಾದ ಆಕ್ಸೈಡ್ ಪದರ ಕಾಯುತ್ತದೆ; ಕರಾವಳಿಯಲ್ಲಿ ಉಪ್ಪಿನ ಕ್ಲೋರೈಡ್ ಸೂಕ್ಷ್ಮ ರಂಧ್ರಗಳಿಂದ ಒಳಸೇರಿ ಈ ಪದರವನ್ನು ಭೇದಿಸಿದಾಗ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಅದರ ಒತ್ತಡಕ್ಕೆ ಮೇಲಿನ ಕಾಂಕ್ರೀಟ್ ಬಿರಿದು ಚಕ್ಕೆಯಾಗಿ ಉದುರುತ್ತದೆ. ಗೋವಾದ ಪಣಜಿಯಲ್ಲಿ 1970ರ ಹೊತ್ತಿಗೆ ಕಟ್ಟಿದ ಮಾಂಡೋವಿ ಸೇತುವೆ ತುಕ್ಕಿನ ಹಾನಿಯಿಂದಲೇ 1986ರ ಜುಲೈ 5ರಂದು ಕುಸಿಯಿತು. ಕಾರವಾರದಲ್ಲಿ ನಾಲ್ಕು ದಶಕಗಳಷ್ಟು ಹಳೆಯದಾದ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು; ಚಾಲಕನನ್ನು ಜೀವಂತವಾಗಿ ರಕ್ಷಿಸಲಾಯಿತು. ಕಡಲಿಲ್ಲದ ಕಲಬುರಗಿಯಲ್ಲೂ ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ಕ್ಷಾರವನ್ನು ನಿಧಾನವಾಗಿ ಕುಗ್ಗಿಸುವುದರಿಂದ, ಬಿರುಕು ಮುಚ್ಚುವುದು, ನೀರು ನಿಲ್ಲದಂತೆ ಮಾಡುವುದು, ನಿಯತವಾಗಿ ತಪಾಸಣೆ ನಡೆಸುವುದು ಎಲ್ಲೆಡೆಯೂ ಅನಿವಾರ್ಯ. ಸೇತುವೆ ಕಟ್ಟುವುದರಷ್ಟೇ ಅದನ್ನು ಕಾಯುವುದೂ ಸಾರ್ವಜನಿಕ ಹೊಣೆಯಾಗಿದೆ.