ಕ್ಯಾಥೊಲಿಕ್ ವಿದ್ಯಾಶಾಲೆಗಳಲ್ಲಿ ವಿನಯವೂ ದಂಡನೆಯೂ

ಪಾದ್ರಿಗಳ ಶಾಲೆ ಎಂದೊಡನೆ ನಮ್ಮ ನಗರಗಳ ತಂದೆತಾಯಿಗಳ ಮನಸ್ಸಿಗೆ ಮೊದಲು ತೋರುವುದು ಅಲ್ಲಿಯ ಶಿಸ್ತು; ಪಾಠದ ಮಾತು ಆಮೇಲೆ. ಗಂಟೆ ಬಾರಿಸಿದೊಡನೆ ಸಾಲುಗಟ್ಟುವ ಮಕ್ಕಳು, ಉಪಾಧ್ಯಾಯರು ಒಳಗೆ ಕಾಲಿಟ್ಟರೆ ಎದ್ದು ನಿಲ್ಲುವ ತರಗತಿ, ಮಡಿಯಾದ ಉಡುಪು, ಅಳೆದು ಆಡುವ ಮಾತು. ಇವುಗಳಿಗಾಗಿ, ಸ್ವಧರ್ಮದಲ್ಲಿ ಅಚಲವಾದ ನಿಷ್ಠೆಯುಳ್ಳ ಮನೆಗಳವರೂ ತಮ್ಮ ಮಕ್ಕಳನ್ನು ಇಗರ್ಜಿಯ ನೆರಳಿನಲ್ಲಿರುವ ಶಾಲೆಗೆ ಸೇರಿಸುತ್ತ ಬಂದಿದ್ದಾರೆ. ಹುಡುಗನು ಅಲ್ಲಿ ಬಗ್ಗಿ ನಡೆಯುವುದನ್ನು ಕಲಿಯುವನೆಂಬುದು ಅವರ ನಂಬಿಕೆ. ಈ ಕೀರ್ತಿಗೆ ನಾಲ್ಕು ಶತಮಾನಗಳ ಪ್ರಾಯವಾಗಿದೆ. ಅದರ ಮೂಲವನ್ನರಸುತ್ತ ಆ ಶಾಲೆಗಳ ಹಳೆಯ ನಿಯಮಗ್ರಂಥಗಳನ್ನು ತೆರೆದು ನೋಡಿದರೆ, ನಾವು ನಿರೀಕ್ಷಿಸದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವಿದ್ಯಾರ್ಥಿಯು ಹೇಗೆ ನಡೆದುಕೊಳ್ಳತಕ್ಕದ್ದೆಂದು ಬರೆದವರು, ಉಪಾಧ್ಯಾಯನು ತನ್ನ ಕೈಯನ್ನೂ ನಾಲಗೆಯನ್ನೂ ಹೇಗೆ ಹಿಡಿತದಲ್ಲಿಡತಕ್ಕದ್ದೆಂದು ಅಷ್ಟೇ ಬಿಗಿಯಾಗಿ ಬರೆದಿದ್ದಾರೆ. ಮೊದಲನೆಯ ಭಾಗವು ಲೋಕಪ್ರಸಿದ್ಧವಾಯಿತು; ಎರಡನೆಯದನ್ನು ಬಹುಮಂದಿ ಮರೆತರು. ಮರೆತುದರ ಫಲವೇನಾಯಿತೆಂಬುದೂ ಇತಿಹಾಸದಲ್ಲಿಯೇ ಇದೆ.

ಸ್ಪೇನ್ ದೇಶದ ಇಗ್ನೇಷಿಯಸ್ ಲೊಯೋಲನು ಸ್ಥಾಪಿಸಿದ ಏಸುಸಭೆಗೆ ಪೋಪರ ಒಪ್ಪಿಗೆ ದೊರೆತದ್ದು 1540ರಲ್ಲಿ. ಶಾಲೆಗಳನ್ನು ನಡೆಸುವುದು ಈ ಸಭೆಯ ಆರಂಭದ ಸಂಕಲ್ಪವಾಗಿರಲಿಲ್ಲ. ಆದರೆ 1548ರಲ್ಲಿ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣದಲ್ಲಿ ಗೃಹಸ್ಥರ ಮಕ್ಕಳಿಗೆಂದು ಒಂದು ವಿದ್ಯಾಶಾಲೆಯನ್ನು ತೆರೆದುದೇ ತಡ, ಯೂರೋಪಿನ ಊರೂರುಗಳಿಂದ ಬೇಡಿಕೆ ಬಂದಿತು. ಅಲ್ಲಿ ಶುಲ್ಕವಿಲ್ಲ. ಆದುದರಿಂದ ಪ್ರಭುವಿನ ಮಗನೂ ಚಮ್ಮಾರನ ಮಗನೂ ಒಂದೇ ಬೆಂಚಿಗೆ ಬಂದರು. ಇಂತಹ ಕೂಟವನ್ನು ನಡೆಸುವುದಕ್ಕೆ ಒಂದು ಪದ್ಧತಿ ಬೇಕಷ್ಟೆ. 1586ರಲ್ಲಿ ಒಂದು ಕರಡು, 1591ರಲ್ಲಿ ಮತ್ತೊಂದು, ಕೊನೆಗೆ 1599ರಲ್ಲಿ ಸಭೆಯ ಮುಖ್ಯಸ್ಥನಾದ ಕ್ಲಾಡಿಯೊ ಅಕ್ವಾವೀವಾನ ಕಾಲದಲ್ಲಿ ಸಿದ್ಧವಾದ ಗ್ರಂಥ: ಹೀಗೆ ಹುಟ್ಟಿತು ‘ರಾಷಿಯೊ ಸ್ಟುಡಿಯೋರಮ್’ ಎಂಬ ವ್ಯಾಸಂಗಕ್ರಮ.

ಅದರಲ್ಲಿ ಹೊರಗಿನ ವಿದ್ಯಾರ್ಥಿಗಳಿಗೆಂದು 15 ನಿಯಮಗಳಿವೆ. ಅವುಗಳನ್ನೋದಿದರೆ ಅಂದಿನ ಹುಡುಗರು ಎಂತಹವರಾಗಿದ್ದರೆಂಬುದು ಚೆನ್ನಾಗಿ ತಿಳಿಯುತ್ತದೆ. ಕಠಾರಿ, ಚೂರಿ ಮೊದಲಾದ ಆಯುಧಗಳನ್ನು ಶಾಲೆಯೊಳಗೆ ತರಕೂಡದು. ಆಣೆಯಿಡುವುದು, ಬೈಯುವುದು, ಸುಳ್ಳಾಡುವುದು, ನಿಷಿದ್ಧವಾದ ಆಟಗಳನ್ನಾಡುವುದು ಕೂಡದು. ಬೆಂಚು, ಬಾಗಿಲು, ಗೋಡೆ, ಕಿಟಕಿಗಳ ಮೇಲೆ ಚೂರಿಯಿಂದ ಕೆತ್ತುವುದಾಗಲಿ ಚಿತ್ರ ಬರೆಯುವುದಾಗಲಿ ಸಲ್ಲದು. (ನಾಲ್ಕು ಶತಮಾನಗಳಿಗೂ ಹಿಂದಿನ ಈ ನಿಯಮವನ್ನು ನಮ್ಮ ಕಾಲೇಜಿನ ಬೆಂಚುಗಳು ಕಂಡುದೇ ಇಲ್ಲ!) ತರಗತಿಯಲ್ಲಿ ಅತ್ತಿತ್ತ ಅಲೆಯದೆ, ತನ್ನ ಸ್ಥಳದಲ್ಲಿ ಮೌನವಾಗಿ ಕುಳಿತು ತನ್ನ ಕೆಲಸವನ್ನು ನೋಡಿಕೊಳ್ಳಬೇಕು. ಸಾರ್ವಜನಿಕ ನಾಟಕಗಳಿಗೂ, ಅಪರಾಧಿಗಳನ್ನು ಕೊಲ್ಲುವ ನೋಟಕ್ಕೂ ಹೋಗಕೂಡದು. ಕೊಲ್ಲಲ್ಪಡುವವರು ಪಾಷಂಡಿಗಳಾದರೆ ಮಾತ್ರ ಹೋಗಬಹುದೇನೋ ಎಂಬ ಒಂದು ವಿನಾಯಿತಿಯಿದೆ. ಈ ವಿನಾಯಿತಿಯನ್ನು ಮರೆಮಾಚಿ ಆ ಗ್ರಂಥವನ್ನು ಹೊಗಳುವುದು ಇತಿಹಾಸಕಾರನಿಗೆ ಸಲ್ಲದು. ಅದು ಆ ಕಾಲದ ಕ್ರೌರ್ಯ, ಮತ್ತು ಆ ಗ್ರಂಥದ ಕಲೆ.

ಈಗ ಪುಟ ಮಗುಚಿ ನೋಡೋಣ. ಕೆಳತರಗತಿಗಳ ಉಪಾಧ್ಯಾಯರಿಗೆ ಸಾಮಾನ್ಯವಾಗಿ ಅನ್ವಯಿಸುವ ನಿಯಮಗಳೇ 50. ಅವುಗಳಲ್ಲಿ ಪಾಠಕ್ರಮಕ್ಕೆ ಸೇರಿದುವು ಅನೇಕ. ಆದರೆ ನಲವತ್ತನೆಯದನ್ನು ಎಲ್ಲ ಉಪಾಧ್ಯಾಯರೂ ಓದಬೇಕಾಗಿದೆ. ದಂಡಿಸುವುದಕ್ಕೆ ಆತುರಪಡಕೂಡದು, ತಪ್ಪನ್ನು ಅತಿಯಾಗಿ ಕೆದಕಕೂಡದು, ಯಾರಿಗೂ ಕೆಡುಕಾಗದಿದ್ದಲ್ಲಿ ಕಂಡೂ ಕಾಣದಂತಿರುವುದೇ ಮೇಲು. ತಾನೇ ಯಾವ ಹುಡುಗನನ್ನೂ ಹೊಡೆಯಕೂಡದು. ಮಾತಿನಿಂದಾಗಲಿ ಕೃತಿಯಿಂದಾಗಲಿ ಅವಮಾನಿಸಕೂಡದು. ಮತ್ತು ಯಾರನ್ನೇ ಆಗಲಿ ಅವನ ಸ್ವಂತ ಹೆಸರಿನಿಂದಲೋ ಮನೆತನದ ಹೆಸರಿನಿಂದಲೋ ಹೊರತು ಬೇರೆ ಹೆಸರಿನಿಂದ ಕರೆಯಕೂಡದು! ಕೊನೆಯ ನಿಯಮವು ಈ ಬರೆಹದ ಪ್ರಾಣವೆಂದು ನಮ್ಮ ಭಾವನೆ. ‘ಶುಂಠ’ ಎಂಬ ಬಿರುದನ್ನೋ ‘ಬೃಹಸ್ಪತಿ’ ಎಂಬ ಕುಹಕವನ್ನೋ ಉಪಾಧ್ಯಾಯರ ಬಾಯಿಂದ ಪಡೆಯದೆ ದೊಡ್ಡವರಾದವರು ನಮ್ಮಲ್ಲಿ ಎಷ್ಟು ಮಂದಿ? ಏಟಿನ ಬಾಸುಂಡೆ ಒಂದು ವಾರದಲ್ಲಿ ಮಾಯುತ್ತದೆ. ಇಟ್ಟ ಹೆಸರು ಮುಪ್ಪಿನವರೆಗೂ ಬೆನ್ನು ಹತ್ತಿ ಬರುತ್ತದೆ. ಅದೇ ಅಧ್ಯಾಯದಲ್ಲಿ, ಯಾರನ್ನೂ ತುಚ್ಛವಾಗಿ ಕಾಣಕೂಡದು, ಬಡವನ ವ್ಯಾಸಂಗವನ್ನು ಸಿರಿವಂತನ ವ್ಯಾಸಂಗದಷ್ಟೇ ಶ್ರದ್ಧೆಯಿಂದ ನೋಡಿಕೊಳ್ಳಬೇಕು ಎಂದೂ ಇದೆ. ಗೌರವವನ್ನು ಬೇಡುವವನು ಅದನ್ನು ಮೊದಲು ಕೊಡಬೇಕೆಂಬುದನ್ನು ಆ ಸನ್ಯಾಸಿಗಳು ಬಲ್ಲವರಾಗಿದ್ದರು.

ಹಾಗಾದರೆ ಹೊಡೆತವೇ ಇರಲಿಲ್ಲವೇ? ಇತ್ತು. ಒಳ್ಳೆಯ ಮಾತು ಸಾಲದೆ ಹೋದಾಗ ಹೊಡೆಯುವುದಕ್ಕೆಂದು ‘ಕರೆಕ್ಟರ್’ ಎಂಬ ಪ್ರತ್ಯೇಕ ನೌಕರನೊಬ್ಬನಿರಬೇಕು. ಅವನು ಸಭೆಗೆ ಸೇರಿದವನಾಗಿರಕೂಡದು ಎಂದು ನಿಯಮ. ಕಲಿಸುವ ಕೈಯೂ ಹೊಡೆಯುವ ಕೈಯೂ ಬೇರೆ ಬೇರೆ. ಇದರಲ್ಲಿ ಜಾಣತನವಿದೆ, ಕೋಪ ತಣಿಯುವುದಕ್ಕೆ ಅಷ್ಟು ಹೊತ್ತಾದರೂ ದೊರೆಯುತ್ತದೆ. ಆದರೆ ಸ್ವಲ್ಪ ಕಪಟವೂ ಇಲ್ಲದಿಲ್ಲ. ಕೂಲಿಯವನ ಕೈಯಿಂದ ಹೊಡೆಸಿದ ಏಟು ಹೊಡೆಸಿದವನದೇ ಅಲ್ಲವೇ? ಇದಲ್ಲದೆ, ಸಹಪಾಠಿಗಳ ನಡತೆಯನ್ನು ಗಮನಿಸುವುದಕ್ಕೆ ವಿದ್ಯಾರ್ಥಿಗಳಲ್ಲೇ ಒಬ್ಬನನ್ನು ನೇಮಿಸುವ ಪದ್ಧತಿಯನ್ನೂ ನಾವು ಮೆಚ್ಚಲಾರೆವು.

ಆದರೆ ಇಗ್ನೇಷಿಯಸನೇ ಬರೆದ ಸಭೆಯ ಮೂಲವಿಧಾನದಲ್ಲಿ ಒಂದು ಸಣ್ಣ ಮಾತಿದೆ. ಪಾಪನಿವೇದನೆ, ಪೂಜೆ, ಧರ್ಮೋಪದೇಶ ಇವುಗಳಿಗೆ ಬರುವಂತೆ ನಿರ್ಬಂಧಿಸಲು ಸಾಧ್ಯವಿರುವ ವಿದ್ಯಾರ್ಥಿಗಳನ್ನು ನಿರ್ಬಂಧಿಸಬಹುದು. ಉಳಿದವರನ್ನು ಪ್ರೀತಿಯಿಂದ ಒಡಂಬಡಿಸಬೇಕೇ ಹೊರತು ಬಲಾತ್ಕರಿಸಕೂಡದು. ನಡತೆಗೆಟ್ಟು ಇತರರಿಗೆ ಕೆಟ್ಟ ಮೇಲ್ಪಂಕ್ತಿಯಾಗದಿದ್ದಲ್ಲಿ, ಬರಲಿಲ್ಲವೆಂಬ ಕಾರಣಕ್ಕೆ ಶಾಲೆಯಿಂದ ಹೊರಗೆ ಹಾಕಲೂ ಕೂಡದು. ನಡತೆ ಬೇರೆ, ನಂಬಿಕೆ ಬೇರೆ ಎಂಬ ಈ ಎಳೆಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ನಮ್ಮ ದೇಶದ ಮಾತಿಗೆ ಬಂದಾಗ ಅದು ಬೇಕಾಗುತ್ತದೆ.

ಏಸುಸಭೆಯವರದು ಲ್ಯಾಟಿನ್ ಶಾಲೆ. ದುಡಿಯುವ ಬಡವರ ಮಕ್ಕಳಿಗೆ, ಅವರ ಮನೆಮಾತಿನಲ್ಲೇ ಓದುಬರೆಹ ಕಲಿಸುವ ಕಾರ್ಯಕ್ಕೆ ಫ್ರಾನ್ಸಿನಲ್ಲಿ ಕೈಹಾಕಿದವನು ರೇನ್ಸ್ ಪಟ್ಟಣದ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ (1651–1719). ಅವನ ‘ಕ್ರೈಸ್ತಶಾಲೆಗಳ ಸಹೋದರರು’ ನಡೆಯಬೇಕಾದ ಕೈಪಿಡಿಯು 1706ರಲ್ಲಿ ಹಸ್ತಪ್ರತಿಯಾಗಿ ಹರಡಿ, ಅವನು ತೀರಿಕೊಂಡ ಮರುವರ್ಷ, 1720ರಲ್ಲಿ, ಅವಿನ್ಯೋನ್‌ನಲ್ಲಿ ಅಚ್ಚಾಯಿತು. ಅದನ್ನೋದುವುದೆಂದರೆ ಆ ಕಾಲದ ತರಗತಿಯೊಳಗೆ ಹೊಕ್ಕು ಕುಳಿತಂತೆಯೇ ಸರಿ. ಉಪಾಧ್ಯಾಯನು ಆದಷ್ಟು ಮಟ್ಟಿಗೆ ಮಾತನಾಡುವುದೇ ಇಲ್ಲ. ಅವನ ಕೈಯಲ್ಲಿ ‘ಸಂಕೇತ’ವೆಂಬ ಮರದ ಸಣ್ಣ ಸಾಧನವೊಂದಿರುತ್ತದೆ, ಅದರ ಟಕ್ಕೆಂಬ ಶಬ್ದದಿಂದಲೂ ಅದು ತೋರಿದ ದಿಕ್ಕಿನಿಂದಲೂ ಓದು ನಿಲ್ಲುತ್ತದೆ, ತಪ್ಪು ತಿದ್ದುತ್ತದೆ, ಪಾಠ ಮುಂದೆ ಸಾಗುತ್ತದೆ. ಹುಡುಗರಿಗೆ ಮೌನವನ್ನು ಕಲಿಸುವವನು ತಾನು ಗದ್ದಲ ಮಾಡಿದರಾಯಿತೆ? ಬೆಳಗಿನ ಉಪಾಹಾರವನ್ನು ಮಕ್ಕಳು ಶಾಲೆಯಲ್ಲೇ ತಿನ್ನುತ್ತಾರೆ. ಮರ್ಯಾದೆಯಿಂದ ಉಣ್ಣುವುದೂ ಒಂದು ಪಾಠ. ಮಿಕ್ಕ ರೊಟ್ಟಿಯನ್ನು ಒಬ್ಬ ವಿದ್ಯಾರ್ಥಿಯು ಬುಟ್ಟಿಯಲ್ಲಿ ಎತ್ತಿ ಬಡ ಸಹಪಾಠಿಗಳಿಗೆ ಹಂಚಲು ಕೂಡಿಡುತ್ತಾನೆ. ಸಭ್ಯತೆಯ ನಿಯಮಗಳನ್ನು ಕುರಿತು ದ ಲಾ ಸಾಲ್ 1703ರಲ್ಲಿ ಪ್ರಕಟಿಸಿದ ಪುಸ್ತಕವೇ ಮಕ್ಕಳಿಗೆ ಓದುವ ಪಾಠವೂ ಆಯಿತು. ಉಗುಳುವುದು, ಮೂಗು ಸೀಟುವುದು, ಊಟದ ಮೇಜಿನಲ್ಲಿ ಕುಳಿತುಕೊಳ್ಳುವುದು, ಯಾವುದನ್ನೂ ಅದು ಬಿಟ್ಟಿಲ್ಲ.

ಅಲ್ಲಿಯೂ ದಂಡನೆ ಇದೆ. ಆದರೆ ಎಷ್ಟು ಲೆಕ್ಕಾಚಾರ ನೋಡಿರಿ! ತೊಗಲಿನ ಪಟ್ಟಿಯಿಂದ ಅಂಗೈಗೆ ಒಂದು ಏಟು, ತೀರ ಹೆಚ್ಚೆಂದರೆ ಎರಡು. ಅದೂ ಎಡಗೈಗೆ, ಬಲಗೈ ಜಡವಾಗಿ ಅಕ್ಷರ ಕೆಡಬಾರದಲ್ಲ! ಕೈಯಿಂದ, ಮುಷ್ಟಿಯಿಂದ, ಕಾಲಿನಿಂದ ಎಂದೂ ಹೊಡೆಯಕೂಡದು, ಬೈಗುಳ ಸಲ್ಲದು. ಇದಕ್ಕಿಂತಲೂ ಸ್ವಾರಸ್ಯವಾದುದು ಗೈರುಹಾಜರಿಯ ಅಧ್ಯಾಯ. ಹುಡುಗನು ಶಾಲೆಗೆ ಬಾರದಿರಲು ಕಾರಣಗಳನ್ನು ಎಣಿಸುತ್ತ, ಉಪಾಧ್ಯಾಯನ ಮೇಲೆ ಅವನಿಗೆ ಅಕ್ಕರೆಯಿಲ್ಲದಿರುವುದು, ಆ ಉಪಾಧ್ಯಾಯನಿಗೆ ಮಕ್ಕಳ ಮನಸ್ಸನ್ನು ಗೆಲ್ಲಲು ತಿಳಿಯದಿರುವುದು, ಇದೂ ಒಂದು ಕಾರಣವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಾಲಕ್ಕೂ ಆಮೇಲೆಯೂ ನಮ್ಮ ಕೂಲಿಮಠಗಳಲ್ಲಿ, ಶಾಲೆ ತಪ್ಪಿಸಿದವನನ್ನು ಹಿರಿಯ ಹುಡುಗರು ಹೊತ್ತು ತಂದು ಅಯ್ಯನವರ ಮುಂದೆ ಕೋದಂಡಕ್ಕೆ ತೂಗುಹಾಕಿಸುತ್ತಿದ್ದರು. ಛಡಿಯೇಟು ಚಂಚಂ, ವಿದ್ಯೆ ಘಂಘಂ ಎಂಬ ಗಾದೆಯು ನಮ್ಮದೇ. ಯಾವ ಪಾದ್ರಿಯೂ ಅದನ್ನು ಹಡಗಿನಲ್ಲಿ ತರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಟ್ಯೂರಿನ್ ಪಟ್ಟಣದ ಜಾನ್ ಬಾಸ್ಕೊ (1815–1888) ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. 1877ರಲ್ಲಿ ಬರೆದ ಒಂದು ಕಿರುಪ್ರಬಂಧದಲ್ಲಿ, ತಪ್ಪು ನಡೆದ ಮೇಲೆ ಅಡಗಿಸುವ ಪದ್ಧತಿಗೂ ತಪ್ಪು ನಡೆಯದಂತೆ ಮಕ್ಕಳ ಜೊತೆಗಿದ್ದು ಕಾಯುವ ಪದ್ಧತಿಗೂ ಇರುವ ಭೇದವನ್ನು ತೋರಿಸಿದನು. ಹೊಡೆಯುವುದು, ನೋವಾಗುವಂತೆ ಮೊಣಕಾಲೂರಿಸುವುದು, ಕಿವಿ ಹಿಂಡುವುದು ಇವೆಲ್ಲವೂ ಸಂಪೂರ್ಣ ತ್ಯಾಜ್ಯ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆಂಬುದು ಅವರಿಗೆ ತಿಳಿದಿರಬೇಕು ಎಂದು 1884ರಲ್ಲಿ ರೋಮಿನಿಂದ ತನ್ನವರಿಗೆ ಕಾಗದ ಬರೆದನು.

ಪುಸ್ತಕದಲ್ಲಿ ಇಷ್ಟೆಲ್ಲ ಇದ್ದೂ, ವ್ಯವಹಾರದಲ್ಲಿ ಏನಾಯಿತು? ಐರ್ಲೆಂಡಿನ ಜೇಮ್ಸ್ ಜಾಯ್ಸ್ ತನ್ನ ಬಾಲ್ಯದಲ್ಲಿ ಓದಿದ್ದು ಏಸುಸಭೆಯವರ ಕ್ಲಾಂಗೋಸ್ ಶಾಲೆಯಲ್ಲಿ. 1916ರಲ್ಲಿ ಪುಸ್ತಕವಾಗಿ ಬಂದ ಅವನ ಮೊದಲ ಕಾದಂಬರಿಯಲ್ಲಿ, ಕನ್ನಡಕ ಒಡೆದುದರಿಂದ ಬರೆಯಲಾರದೆ ಕುಳಿತ ಪುಟ್ಟ ಹುಡುಗನನ್ನು, ವ್ಯಾಸಂಗದ ಮೇಲ್ವಿಚಾರಕನಾದ ಪಾದ್ರಿಯೊಬ್ಬನು ಸೋಮಾರಿ, ಕಪಟಿ ಎಂದು ಜರೆದು, ವಿಚಾರಿಸದೆ ಎರಡು ಅಂಗೈಗಳಿಗೂ ಹೊಡೆಯುತ್ತಾನೆ. ಆತುರ, ಬೈಗುಳ, ಸ್ವಹಸ್ತದ ಏಟು: 1599ರ ಆ ನಲವತ್ತನೆಯ ನಿಯಮದ ಒಂದೊಂದು ಮಾತೂ ಅಲ್ಲಿ ಮುರಿದಿದೆ. ಹುಡುಗನನ್ನು ಆಮೇಲೆ ಕೊರೆಯುವುದು ಬರಿಯ ಅಂಗೈಯ ಉರಿಯಲ್ಲ. ಅವನು ತನ್ನ ಹೆಸರನ್ನು ಹೇಳಿದ್ದರೂ, ಅದನ್ನು ಗೇಲಿ ಮಾಡುವಂತೆ ಮತ್ತೆ ಮತ್ತೆ ಕೇಳಿದರಲ್ಲಾ ಎಂಬುದು. ಅವನು ಧೈರ್ಯ ಮಾಡಿ ರೆಕ್ಟರ್ ಸಾಹೇಬರ ಕೋಣೆಗೆ ಹೋಗಿ ದೂರು ಹೇಳುತ್ತಾನೆ, ಅವರು ಕೇಳುತ್ತಾರೆ.

ಅದು ಸಿರಿವಂತರ ಮಕ್ಕಳ ಶಾಲೆ; ಹೋಗಿ ಹೇಳುವುದಕ್ಕೆ ಅಲ್ಲಿ ಒಂದು ಬಾಗಿಲಾದರೂ ಇತ್ತು. ಅದೇ ದೇಶದಲ್ಲಿ, ಧಾರ್ಮಿಕ ಸಂಘಗಳು ಸರಕಾರದ ಪರವಾಗಿ ನಡೆಸುತ್ತಿದ್ದ ಬಡಮಕ್ಕಳ ವಸತಿಶಾಲೆಗಳಲ್ಲಿ ಅಂತಹ ಬಾಗಿಲೂ ಇರಲಿಲ್ಲ. ಅಲ್ಲಿ ನಡೆದುದನ್ನು ವಿಚಾರಿಸಿದ ಆಯೋಗವು 2009ರ ಮೇ ತಿಂಗಳಿನಲ್ಲಿ ತನ್ನ ವರದಿಯನ್ನು ಕೊಟ್ಟಿತು. ಮಿತಿಯಿಲ್ಲದ, ಕಾರಣವಿಲ್ಲದ ಹೊಡೆತವು ದಿನದಿನದ ಸಂಗತಿಯಾಗಿದ್ದಿತು, ಮಕ್ಕಳು ಭಯದ ವಾತಾವರಣದಲ್ಲಿ ಬಾಳಿದರು, ದಂಡನೆಗೆ ಮಿತಿಯಿಟ್ಟ ನಿಯಮಗಳನ್ನು ಲೆಕ್ಕಿಸಿದವರಿಲ್ಲ ಎಂದು ಅದು ಕಂಡಿತು. ಲೈಂಗಿಕ ಅತ್ಯಾಚಾರಗಳ ವಿಷಯವೂ ಅದರಲ್ಲಿದೆ. ಆ ಮಕ್ಕಳು ತುಟಿಪಿಟ್ಟೆನ್ನದೆ ಸಾಲಾಗಿ ನಿಲ್ಲುತ್ತಿದ್ದರು. ಹೊರಗಿನಿಂದ ಬಂದವರು ಅದನ್ನು ನೋಡಿ ವಿನಯವೆಂದು ತಿಳಿದಿದ್ದರೆ ಆಶ್ಚರ್ಯವೇನು?

ಇನ್ನು ನಮ್ಮ ನಾಡಿನ ಮಾತು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಏಸುಸಭೆಯವರು 1880ರಲ್ಲಿ ಸಂತ ಅಲೋಷಿಯಸ್ ಕಾಲೇಜನ್ನು ತೆರೆದರು. ಬೆಂಗಳೂರಿನಲ್ಲಿ ಫ್ರೆಂಚ್ ಮಿಷನರಿಗಳು 1882ರಲ್ಲಿ ಸ್ಥಾಪಿಸಿದ ಸಂತ ಜೋಸೆಫರ ಕಾಲೇಜು 1937ರಲ್ಲಿ ಅದೇ ಸಭೆಯ ಕೈಸೇರಿತು. ಹೆಣ್ಣುಮಕ್ಕಳ ಕಾನ್ವೆಂಟುಗಳು ಇವಕ್ಕಿಂತಲೂ ಹಿಂದಿನವು. ‘ಒಳ್ಳೆಯ ಕುರುಬ’ನ ಹೆಸರಿನ ಸನ್ಯಾಸಿನಿಯರು ಬೆಂಗಳೂರಿಗೆ ಬಂದುದು 1854ರಲ್ಲಿ. ಯೂರೋಪಿನಲ್ಲಿ ಆ ಶಾಲೆಗಳಿಗೆ ಬರುವವರು ಬಹುಮಟ್ಟಿಗೆ ಒಂದೇ ಮತದವರು. ಇಲ್ಲಿಯಾದರೋ, ಕೊರಳಲ್ಲಿ ಶಿಲುಬೆ ತೊಟ್ಟವನ ಪಕ್ಕದಲ್ಲಿ ಲಿಂಗ ಧರಿಸಿದವನು, ನಾಮ ಧರಿಸಿದವನು, ಟೋಪಿ ಧರಿಸಿದವನು ಕುಳಿತರು. ಇಗ್ನೇಷಿಯಸನು ಬರೆದಿಟ್ಟ ಆ ಸಣ್ಣ ಮಾತು ಅಲ್ಲಿ ಒಂದು ಮೂಲೆಯ ವಿನಾಯಿತಿ. ಇಲ್ಲಿ ಅದೇ ತರಗತಿಯ ನಿತ್ಯಪ್ರಶ್ನೆ. ಈ ಹುಡುಗರೆಲ್ಲರಿಂದಲೂ ಹೊತ್ತಿಗೆ ಸರಿಯಾಗಿ ಬರುವುದನ್ನು, ಸುಳ್ಳಾಡದಿರುವುದನ್ನು, ಹಿರಿಯರಿಗೆ ಎದ್ದು ನಿಲ್ಲುವುದನ್ನು ಕೇಳಬಹುದು. ಮೊಣಕಾಲೂರುವುದನ್ನು ಕೇಳಬಹುದೆ? 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 28ನೆಯ ವಿಧಿಯು ಇದಕ್ಕೆ ಉತ್ತರ ಕೊಟ್ಟಿದೆ. ಸರಕಾರದ ಮಾನ್ಯತೆಯನ್ನಾಗಲಿ ಧನಸಹಾಯವನ್ನಾಗಲಿ ಪಡೆದ ಶಾಲೆಯಲ್ಲಿ, ವಿದ್ಯಾರ್ಥಿಯ, ಅವನು ಅಪ್ರಾಪ್ತವಯಸ್ಕನಾದರೆ ಪೋಷಕರ, ಒಪ್ಪಿಗೆಯಿಲ್ಲದೆ ಅವನನ್ನು ಧರ್ಮೋಪದೇಶಕ್ಕಾಗಲಿ ಪ್ರಾರ್ಥನೆಗಾಗಲಿ ಹಾಜರಾಗುವಂತೆ ಮಾಡತಕ್ಕದ್ದಲ್ಲ. ಕಾಕತಾಳೀಯವೆಂಬಂತೆ ಅದೇ 1950ರಲ್ಲಿ ಪೋಪ್ ಹನ್ನೆರಡನೆಯ ಪಿಯಸ್‌ರವರು ದ ಲಾ ಸಾಲನನ್ನು ಉಪಾಧ್ಯಾಯರೆಲ್ಲರ ಪಾಲಕ ಸಂತನೆಂದು ಘೋಷಿಸಿದರು.

ನಮ್ಮ ಕ್ಯಾಥೊಲಿಕ್ ಶಾಲೆಗಳಲ್ಲಿ ಇದರಿಂದ ಬೆಳೆದು ಬಂದ ಏರ್ಪಾಡನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಆ ಒಂದು ಪಾಠದ ಗಂಟೆಯಾದೊಡನೆ ತರಗತಿಯು ಎರಡಾಗುತ್ತದೆ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶದ ಪುಸ್ತಕ ಹಿಡಿದು ಒಂದು ಕೋಣೆಗೆ, ಉಳಿದವರು ನೀತಿಪಾಠಕ್ಕೆಂದು ಇನ್ನೊಂದಕ್ಕೆ. ಪಾಠ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಬೆಂಚುಗಳಿಗೆ ಹಿಂದಿರುಗುತ್ತಾರೆ, ಹಾಜರಿ ಪುಸ್ತಕ ತೆರೆಯುತ್ತದೆ, ಉಪಾಧ್ಯಾಯರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ.