ಹಳೆಯ ಗಾಡಿಯ ಪಾಸಿಂಗ್: ಹಿರೇಕೆರೂರು ಸೀಮೆಯ ಒಂದು ಚರಿತ್ರೆ

ಬ್ರಿಟಿಷರ ಆಳ್ವಿಕೆಯ ಕಾಗದಪತ್ರಗಳಲ್ಲಿ ಕೋಡ ತಾಲೂಕೆಂಬ ಹೆಸರಿನಿಂದ ಕಾಣಿಸಿಕೊಂಡು, ಹಿರೇಕೆರೂರನ್ನೇ ತನ್ನ ಕಚೇರಿಯ ಸ್ಥಾನವನ್ನಾಗಿ ಮಾಡಿಕೊಂಡಿದ್ದ ಪ್ರದೇಶವು, ಒಂದು ಕಡೆ ಹಾನಗಲ್ಲಿನ ಮಳೆಸೀಮೆಯನ್ನೂ ಇನ್ನೊಂದು ಕಡೆ ರಾಣೆಬೆನ್ನೂರಿನ ಬಯಲನ್ನೂ ಮತ್ತೊಂದು ಕಡೆ ಶಿಕಾರಿಪುರದ ಗಡಿಯನ್ನೂ ತಾಗಿಕೊಂಡು, ಹಲವು ಬಗೆಯ ದಾರಿಗಳು ಕೂಡುವ ಎಡೆಯಾಗಿ ಬಹುಕಾಲದಿಂದ ಬಾಳಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಾಸಲ್ಪಟ್ಟ ರೈಲುಮಾರ್ಗವು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಮುಟ್ಟಿಕೊಂಡು ಮೂಡಲ ಕಡೆಯಿಂದಲೇ ಹೊರಟುಹೋದುದರಿಂದ, ಹಿರೇಕೆರೂರಿಗೆ ನೆಚ್ಚಿಕೊಳ್ಳಲು ಉಳಿದುದು ರಸ್ತೆಯೊಂದೇ. ರಸ್ತೆಯನ್ನೇ ನೆಚ್ಚಿದ ಸೀಮೆಯಲ್ಲಿ ಗಾಡಿಯ ಗತಿಯೇ ಜನರ ಗತಿ. ಆದುದರಿಂದ ಹಳೆಯ ವಾಹನವೊಂದು ವರ್ಷಾವಧಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೆ, ಆಗದೆ ಮೂಲೆಗೆ ಸರಿಯುವುದೆ ಎಂಬ ಪ್ರಶ್ನೆಯು ಇಲ್ಲಿ ಯಂತ್ರಜ್ಞರ ಗೋಷ್ಠಿಗೆ ಮಾತ್ರ ಮೀಸಲಾಗದೆ, ಸಂತೆಗೆ ಹೋಗುವ ರೈತನಿಗೂ ಶಾಲೆಗೆ ಹೋಗುವ ಮಗುವಿಗೂ ಸಂಬಂಧಿಸಿದ ಪ್ರಶ್ನೆಯಾಗಿ ಬಂದಿದೆ.

ಮೋಟಾರು ಬರುವುದಕ್ಕೆ ಮುಂಚೆ ಈ ನಾಡಿನಲ್ಲಿ ಗಾಡಿಯನ್ನು ನಿಲ್ಲಿಸಿ ನೋಡುವ ಅಧಿಕಾರವಿರಲಿಲ್ಲವೆಂದು ತಿಳಿಯಬೇಕಾದುದಿಲ್ಲ. ಬನವಾಸಿ ಪನ್ನಿರ್ಛಾಸಿರವೆಂಬ ಹಳೆಯ ನಾಡಿನ ಭಾಗವಾಗಿದ್ದ ಈ ಪ್ರಾಂತದಲ್ಲಿ ಚಾಳುಕ್ಯರ ಕಾಲದ ಶಾಸನಗಳು ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳನ್ನು ಮತ್ತೆ ಮತ್ತೆ ಹೆಸರಿಸುತ್ತವೆ. ಸುಂಕದವನ ದೃಷ್ಟಿಯಾದರೋ ಹೇರಿನ ಮೇಲೆ ನೆಟ್ಟಿತ್ತೇ ಹೊರತು ಅಚ್ಚಿನ ಮೇಲೆ ಹರಿದುದಿಲ್ಲ. ಅಚ್ಚು ಮುರಿದರೆ ಅದರ ನಷ್ಟವು ಬಂಡಿಯವನದು. ಎತ್ತಿನ ನಡೆಯ ವೇಗದಲ್ಲಿ ಸಾಗುವ ವಾಹನವು ತನ್ನ ದೋಷದಿಂದ ಪರರ ಪ್ರಾಣವನ್ನು ತೆಗೆಯುವ ಸಂಭವವು ಅತ್ಯಲ್ಪವಾಗಿದ್ದುದರಿಂದ, ಅದರ ಸುಸ್ಥಿತಿಯನ್ನು ಬಡಗಿಗೂ ಕಮ್ಮಾರನಿಗೂ ಬಿಟ್ಟುಕೊಟ್ಟು ಪ್ರಭುತ್ವವು ನಿಶ್ಚಿಂತೆಯಿಂದಿತ್ತು.

ಈ ನಿಶ್ಚಿಂತೆಯನ್ನು ಕೆಡಿಸಿದುದು ಮೋಟಾರಿನ ವೇಗ. 1914ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವಂತೆ ಮೋಟಾರು ವಾಹನಗಳ ಕಾನೂನು ಬಂದಾಗ, ನೋಂದಣಿ, ಚಾಲಕನ ಲೈಸನ್ಸು, ವೇಗದ ಮಿತಿ ಇವುಗಳೇ ಅದರ ಮುಖ್ಯ ಚಿಂತೆಯಾಗಿದ್ದವು. ವಾಹನದ ದೇಹಸ್ಥಿತಿಯನ್ನು ಕಾಲಕಾಲಕ್ಕೆ ಒರೆಗೆ ಹಚ್ಚುವ ಕ್ರಮವು ಆಗಿನ್ನೂ ಸ್ಪಷ್ಟವಾಗಿ ರೂಪುಗೊಂಡಿರಲಿಲ್ಲ. ಆದರೆ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ತಾಲೂಕಿನ ಊರುಗಳಿಗೂ ರೈಲುನಿಲ್ದಾಣಗಳಿಗೂ ನಡುವೆ ಖಾಸಗಿ ಸರ್ವೀಸು ಮೋಟಾರುಗಳು ಓಡತೊಡಗಿದವು. ಮೆಣಸಿನಕಾಯಿಯ ಚೀಲ, ಹತ್ತಿಯ ಅಂಡಿಗೆ, ಮದುವೆಯ ದಿಬ್ಬಣ ಎಲ್ಲವನ್ನೂ ಒಂದೇ ಗಾಡಿಯು ಹೊರತೊಡಗಿತು. ಹಣ ಕೊಟ್ಟು ಏರಿದ ಪ್ರಯಾಣಿಕನಿಗೆ ಬ್ರೇಕಿನ ಗುಣವನ್ನು ಪರೀಕ್ಷಿಸುವ ಉಪಾಯವಾವುದೂ ಇರಲಿಲ್ಲ.

1939ರ ಮೋಟಾರು ವಾಹನಗಳ ಕಾನೂನು ಈ ಕೊರತೆಯನ್ನು ತುಂಬಲು ಹೊರಟಿತು. ಬಾಡಿಗೆಗೆ ಓಡುವ ಬಸ್ಸು, ಲಾರಿ, ಟ್ಯಾಕ್ಸಿಗಳು ಯೋಗ್ಯತಾಪತ್ರವನ್ನು ಹೊಂದಿರದಿದ್ದರೆ ಅವುಗಳ ನೋಂದಣಿಯೇ ಊರ್ಜಿತವೆನಿಸದೆಂದು ಅದರ 38ನೆಯ ಕಲಮು ವಿಧಿಸಿತು. ಈ ಪತ್ರವು ನಿಯತಕಾಲಕ್ಕೆ ಮುಗಿಯುವಂಥದಾದುದರಿಂದ, ಗಾಡಿಯು ಮರಳಿ ಮರಳಿ ಅಧಿಕಾರಿಯ ಮುಂದೆ ಬಂದು ನಿಲ್ಲಲೇಬೇಕಾಯಿತು. ವರ್ಷಾವಧಿಯ ಪಾಸಿಂಗಿನ ಪದ್ಧತಿಯು ಇಲ್ಲಿಂದ ಬೇರೂರಿತು. ಸ್ವಂತ ಉಪಯೋಗದ ಕಾರನ್ನು ಮಾತ್ರ ಕಾನೂನು ಈ ಪರೀಕ್ಷೆಗೆ ಎಳೆಯಲಿಲ್ಲ. ಅಂದು ಕಾರುಗಳೇ ವಿರಳವಾಗಿದ್ದು, ವಾಡೆಯ ಒಡೆಯರು, ವ್ಯಾಪಾರಸ್ಥರು, ವಕೀಲರು, ವೈದ್ಯರು ಇಂಥ ಕೆಲವರ ಬಾಗಿಲಲ್ಲಿ ಮಾತ್ರ ನಿಂತಿದ್ದುದರಿಂದ, ಆ ವಿನಾಯಿತಿಯು ಅನುಚಿತವೆಂದು ಯಾರಿಗೂ ತೋರಿರಲಾರದು. ಆದರೆ ಇಲ್ಲಿ ಬಿತ್ತಿದ ಭೇದವೇ ಮುಂದೆ ಎಂಟು ದಶಕಗಳ ಕಾಲ ಬೆಳೆದು ನಿಂತಿತು.

ಕಾನೂನು ಬಂದ ಬೆನ್ನಿಗೇ ಯುದ್ಧ ಬಂದಿತು. ಪೆಟ್ರೋಲಿಗೆ ಕಟ್ಟುಬಿದ್ದು, ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಗಳನ್ನು ಕಟ್ಟಿ, ಅದರ ಅನಿಲದಿಂದ ಯಂತ್ರವನ್ನು ನಡೆಸುವ ಕಾಲವನ್ನು ಕನ್ನಡನಾಡಿನ ಹಿರಿಯರು ಬಹುಕಾಲ ಮರೆಯಲಿಲ್ಲ. ಹೊಸ ವಾಹನ ದೊರೆಯದ, ಟಾಯರು ಸಿಗದ, ಬಿಡಿಭಾಗಗಳು ಹಡಗಿನಲ್ಲಿ ಬರದ ಆ ವರ್ಷಗಳಲ್ಲಿ ಹಳೆಯದನ್ನೇ ಬದುಕಿಸಿಕೊಳ್ಳುವ ವಿದ್ಯೆಯು ಅನಿವಾರ್ಯವಾಯಿತು. ಕಮ್ಮಾರಸಾಲೆಗಳು ಗ್ಯಾರೇಜುಗಳಾಗಿ, ಎರಕಹೊಯ್ದು ಅರೆದು ಹೊಂದಿಸಿದ ಭಾಗಗಳು ಕಾರ್ಖಾನೆಯ ಭಾಗಗಳ ಸ್ಥಾನದಲ್ಲಿ ಕುಳಿತು, ಗಾಡಿಯ ಆಯುಷ್ಯವು ಅದನ್ನು ತಯಾರಿಸಿದವನ ನಿರೀಕ್ಷೆಯನ್ನು ಮೀರಿ ಬೆಳೆಯಿತು.

ಸ್ವಾತಂತ್ರ್ಯಾನಂತರದ ಬದಲಾವಣೆಗಳು ಶೀಘ್ರವಾಗಿ ಒಂದರ ಹಿಂದೊಂದು ಬಂದವು. 1948ರಲ್ಲಿ ಮುಂಬಯಿ ಸರಕಾರವು ರಸ್ತೆ ಸಾರಿಗೆಯನ್ನು ತನ್ನ ಕೈಗೆ ತೆಗೆದುಕೊಳ್ಳಲು ಮೊದಲುಮಾಡಿತು. ಅದೇ ವರ್ಷ ಮೈಸೂರಿನಲ್ಲಿಯೂ ಸರಕಾರಿ ಬಸ್ಸುಗಳು ಹೊರಟವು. 1956ರ ನವೆಂಬರ್ 1ರವರೆಗೆ ಹಿರೇಕೆರೂರು ಮುಂಬಯಿ ರಾಜ್ಯದಲ್ಲಿಯೂ ಅದರ ನೆರೆಯ ಶಿಕಾರಿಪುರವು ಮೈಸೂರು ರಾಜ್ಯದಲ್ಲಿಯೂ ಇದ್ದುದರಿಂದ, ಮಾಸೂರನ್ನು ದಾಟಿ ತೆಂಕಣಕ್ಕೆ ಹೋಗುವ ಗಾಡಿಯು ಒಂದೇ ಭಾಷೆಯ ಜನರ ನಡುವೆಯೇ ಪರರಾಜ್ಯವನ್ನು ಪ್ರವೇಶಿಸಬೇಕಾಗುತ್ತಿತ್ತು. ಅಂದಿನ ಕರ್ನಾಟಕದ ಏಕೀಕರಣವು ಈ ಗಡಿಯನ್ನು ಅಳಿಸಿತು; 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮವು ಸ್ಥಾಪಿತವಾಯಿತು. 1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಗಿ, ಅದೇ ವರ್ಷ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡ ವಾಯವ್ಯ ಸಾರಿಗೆ ಸಂಸ್ಥೆಯೂ ಹುಟ್ಟಿತು. ಹಿರೇಕೆರೂರಿನವರು ಇಂದು ಕಾಣುವ ಕೆಎ-27ರ ಫಲಕವು ಹಾವೇರಿಯ ಸಾರಿಗೆ ಕಚೇರಿಯ ಗುರುತು.

ಇನ್ನು ಪರೀಕ್ಷೆಯ ವಿಚಾರ. ಕಾನೂನಿನ ಭಾಷೆಯಲ್ಲಿ ಮೋಟಾರು ವಾಹನ ನಿರೀಕ್ಷಕನೆನಿಸಿಕೊಳ್ಳುವ ಅಧಿಕಾರಿಯನ್ನು ಜನರು ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಕರೆದುದರಲ್ಲಿ, ಅವನಿಂದ ಅವರು ಯಾವುದನ್ನು ಮುಖ್ಯವಾಗಿ ಬಯಸಿದರೆಂಬುದು ವ್ಯಕ್ತವಾಗಿದೆ. ಅವನ ಉಪಕರಣಗಳು ಕಣ್ಣು, ಕಿವಿ, ಕೈ ಇಷ್ಟೇ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಥಟ್ಟನೆ ನಿಲ್ಲಿಸಹೇಳಿ, ಯಾವ ಗಾಲಿ ಮೊದಲು ಹಿಡಿಯಿತು, ಯಾವುದು ಜಾರಿತು ಎಂಬುದನ್ನು ನೆಲದ ಮೇಲಿನ ಗುರುತಿನಿಂದ ಓದಬೇಕು. ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸಿ ಅದರ ಸಡಿಲವನ್ನು ಅಳೆಯಬೇಕು. ಮುಂಗಾಲಿಯನ್ನು ಎತ್ತಿ ಅಲುಗಿಸಿ, ಅದು ಹೊರಳುವ ಕೀಲಾದ ಕಿಂಗ್‌ಪಿನ್ನಿನ ಸವೆತವನ್ನು ಕಾಣಬೇಕು. 1989ರ ಕೇಂದ್ರ ನಿಯಮಾವಳಿಯು ಈ ಅನುಭವಜ್ಞಾನಕ್ಕೆ ಅಂಕಿಗಳ ಚೌಕಟ್ಟನ್ನು ಒದಗಿಸಿತು: ಸ್ಟಿಯರಿಂಗಿನ ಸಡಿಲವು 30 ಡಿಗ್ರಿಯನ್ನು ಮೀರಲಾಗದು; ಬಸ್ಸು, ಲಾರಿ, ಕಾರುಗಳ ಟಾಯರಿನ ಕಚ್ಚು 1.6 ಮಿಲಿಮೀಟರಿಗಿಂತ ಕಡಿಮೆಯಾಗಲಾಗದು. ದೀಪ, ಪ್ರತಿಫಲಕ, ಕನ್ನಡಿ, ಗಾಜು, ಹಾರ್ನು, ವೈಪರು, ಸೈಲೆನ್ಸರು, ಹೊಗೆ ಇವೆಲ್ಲವೂ ಪಟ್ಟಿಯಲ್ಲಿ ಸೇರಿದವು.

ಪಾಸಿಂಗಿನ ದಿನವು ಸಮೀಪಿಸಿತೆಂದರೆ ಗಾಡಿಯವನಿಗೆ ಅದು ಮಗಳನ್ನು ನೋಡಲು ಬರುವ ಬೀಗರ ದಿನದಂತೆ. ಮಣ್ಣು ಮೆತ್ತಿದ ಮೈಯನ್ನು ತೊಳೆದು, ತಗ್ಗುಗಳಿಗೆ ಲಾಂಬಿ ತುಂಬಿ, ಬಣ್ಣ ಬಳಿದು, ಗಾಡಿಯ ಹಿಂಬದಿಯ ಬರೆಹಗಳನ್ನು ಹೊಸದಾಗಿ ತಿದ್ದಿಸಿ, ಕಮಾನುಪಟ್ಟಿಗಳನ್ನು ಬಿಚ್ಚಿ ಜೋಡಿಸಿ, ಬ್ರೇಕಿನ ಲೈನರುಗಳನ್ನು ಬದಲಾಯಿಸಿ, ವರ್ಷವಿಡೀ ಮುಂದೂಡಿದ ಕೆಲಸವನ್ನೆಲ್ಲ ಒಂದು ವಾರದೊಳಗೆ ಮುಗಿಸುವುದು ವಾಡಿಕೆಯಾಯಿತು. ಪರರ ಒಳ್ಳೆಯ ಟಾಯರನ್ನು ಒಂದು ದಿನದ ಮಟ್ಟಿಗೆ ಎರವಲು ತಂದು ತೊಡಿಸಿ, ಪತ್ರ ಕೈಗೆ ಬಂದ ಮೇಲೆ ಹಳೆಯದನ್ನೇ ಮರಳಿ ಏರಿಸುವ ಜಾಣತನವೂ ನಾಡಿನಲ್ಲೆಲ್ಲ ಪ್ರಸಿದ್ಧವಾದುದೇ. ಈ ಕೃತ್ರಿಮವನ್ನು ನೋಡಿ ಪರೀಕ್ಷೆಯೇ ವ್ಯರ್ಥವೆನ್ನುವವರುಂಟು. ಆದರೆ ವರ್ಷಕ್ಕೊಂದು ಸಲವಾದರೂ ಗಾಡಿಯ ಅಡಿಯಲ್ಲಿ ಮನುಷ್ಯನೊಬ್ಬನು ಮಲಗಿ ಮೇಲಕ್ಕೆ ನೋಡುವಂತೆ ಮಾಡಿದುದು ಆ ಪರೀಕ್ಷೆಯ ಭಯವೇ ಎಂಬುದನ್ನು ಅಲ್ಲಗಳೆಯಲಾಗದು.

ಸ್ವಂತ ಕಾರಿನ ಕಥೆ ಬೇರೆ. 1950ರ ದಶಕದ ಉತ್ತರಾರ್ಧದಿಂದ ಉತ್ತರಪಾರಾದ ಅಂಬಾಸಡರೂ ಮುಂಬಯಿಯ ಫಿಯೆಟ್ಟೂ ದೇಶದ ರಸ್ತೆಗಳನ್ನು ಹಂಚಿಕೊಂಡವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, ಕಾರು ಶ್ರೀಮಂತನ ಅಂಗಳದಿಂದ ನೌಕರನ ಅಂಗಳಕ್ಕೂ ನಡೆಯಿತು. ಹಿರೇಕೆರೂರಿನಂಥ ಊರುಗಳಿಗೆ ಈ ಕಾರುಗಳು ಬಹುಮಟ್ಟಿಗೆ ಎರಡನೆಯ ಕೈಯಲ್ಲಿ, ಮೂರನೆಯ ಕೈಯಲ್ಲಿ ಬಂದವು. ನಗರದಲ್ಲಿ ಮೊದಲ ಆಯುಷ್ಯವನ್ನು ಕಳೆದು, ಎರಡನೆಯದನ್ನು ಕೆರೆಯ ಏರಿಯ ಮೇಲೂ ಹೊಲದ ದಾರಿಯಲ್ಲೂ ಆರಂಭಿಸಿದವು. 1988ರ ಹೊಸ ಕಾನೂನಿನ ಪ್ರಕಾರ ಸ್ವಂತ ಕಾರಿನ ನೋಂದಣಿಯು ಹದಿನೈದು ವರ್ಷ ಊರ್ಜಿತ. ಬಳಿಕ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹೊಗೆಯ ಪ್ರಮಾಣಪತ್ರವೊಂದನ್ನು ಬಿಟ್ಟರೆ, ಮೊದಲ ಹದಿನೈದು ವರ್ಷಗಳಲ್ಲಿ ಅದರ ಬ್ರೇಕನ್ನು ಕೇಳುವ ಅಧಿಕಾರಿ ಇಲ್ಲ.

ಹಾಗಾದರೆ ಹಳೆಯ ಕಾರು ಪರೀಕ್ಷೆಯಲ್ಲಿ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ? ಯಂತ್ರವು ಮುದಿಯಾಗುವ ಬಗೆ ಎರಡು. ಓಟದಿಂದ ಸವೆಯುವ ಭಾಗಗಳು ಕೆಲವು: ಲೈನರು, ಟಾಯರು, ಬೇರಿಂಗು, ಸ್ಟಿಯರಿಂಗಿನ ಕೀಲುಗಳು. ಓಡಲಿ ಬಿಡಲಿ, ಕಾಲದಿಂದಲೇ ಕೆಡುವ ಭಾಗಗಳು ಇನ್ನು ಕೆಲವು: ರಬ್ಬರಿನ ಕೊಳವೆಗಳು ಬಿರಿಯುತ್ತವೆ, ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುತ್ತದೆ, ಗಾಲಿಯ ಸಿಲಿಂಡರುಗಳು ತುಕ್ಕಿನಿಂದ ಬಿಗಿಯುತ್ತವೆ. ಆದುದರಿಂದ ದಿನವೂ ದುಡಿದು ತಿಂಗಳಿಗೊಮ್ಮೆ ಗ್ರೀಸು ಕಂಡ ಹಳೆಯ ಜೀಪು ಪಾಸಾಗುವ ಕಡೆಯಲ್ಲಿ, ಮುಸುಕು ಹೊದ್ದು ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ, ಅಲ್ಪವೇ ಓಡಿದ ಕಾರು ಅನುತ್ತೀರ್ಣವಾಗುವುದು ಆಶ್ಚರ್ಯವಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು. ಜೀಪಿನಂಥ ವಾಹನದಲ್ಲಿ ಭಾರವನ್ನು ಹೊರುವುದು ಪ್ರತ್ಯೇಕವಾದ ಚಾಸಿ. ಫಿಯೆಟ್ಟು, ಮಾರುತಿಗಳಲ್ಲಿ ತಗಡಿನ ಮೈಯೇ ಎಲುಬು. ಮಳೆಸೀಮೆಯ ಅಂಚಿನ ಕೆಸರು ಅಡಿತಗಡಿನ ಮೂಲೆಗಳಲ್ಲಿ ಕುಳಿತು ಒಣಗದೆ ಉಳಿದಾಗ, ಮೇಲಿನ ಬಣ್ಣವು ಹೊಳೆಯುತ್ತಿರುವಂತೆಯೇ ಆಧಾರವು ಒಳಗೊಳಗೆ ಕರಗುತ್ತದೆ. ಎರವಲಿನ ಟಾಯರಾಗಲಿ ಹೊಸ ಬಣ್ಣವಾಗಲಿ ಈ ದೋಷಕ್ಕೆ ಮದ್ದಾಗಲಾರದು.

ಈ ಅನುಭವವು ನಮ್ಮದೊಂದೇ ಆಗಿಲ್ಲ. ಜರ್ಮನಿಯಲ್ಲಿ ಇಂದು ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಗಳ ಮೂಲವು, ಮದ್ಯದ ಕಾರ್ಖಾನೆಯೊಂದರ ಉಗಿಯ ಕೊಪ್ಪರಿಗೆ ಸಿಡಿದ ಬಳಿಕ 1866ರಲ್ಲಿ ಮನ್‌ಹೈಮ್ ನಗರದಲ್ಲಿ ಹುಟ್ಟಿದ ಕೊಪ್ಪರಿಗೆ ತಪಾಸಣೆಯ ಸಂಘದಲ್ಲಿದೆ. ಅಲ್ಲಿ 1951ರಿಂದ ಸ್ವಂತ ಕಾರಿಗೂ ನಿಯತಕಾಲದ ಪರೀಕ್ಷೆ ಕಡ್ಡಾಯವಾಯಿತು. ಬ್ರಿಟನ್ನಿನಲ್ಲಿ 1960ರಲ್ಲಿ, ಹತ್ತು ವರ್ಷ ಮೀರಿದ ವಾಹನಗಳ ಬ್ರೇಕು, ದೀಪ, ಸ್ಟಿಯರಿಂಗುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಕ್ರಮವು ಬಂದಾಗ, ಅನುತ್ತೀರ್ಣವಾದವುಗಳ ಸಂಖ್ಯೆಯು ಸರಕಾರವನ್ನೇ ಬೆಚ್ಚಿಬೀಳಿಸಿದುದರಿಂದ, ಮರುವರ್ಷವೇ ಆ ಮಿತಿಯನ್ನು ಏಳು ವರ್ಷಕ್ಕೂ 1967ರಲ್ಲಿ ಮೂರು ವರ್ಷಕ್ಕೂ ಇಳಿಸಲಾಯಿತು. ಅಲ್ಲಿಯ ವರದಿಗಳಿಂದ ತಿಳಿದುಬರುವ ತತ್ತ್ವ ಇಷ್ಟು: ವಯಸ್ಸಿನೊಡನೆ ದೋಷವು ಹೆಚ್ಚುವುದು ಸತ್ಯ, ಆದರೆ ಒಂದೇ ವಯಸ್ಸಿನ ಎರಡು ಕಾರುಗಳ ನಡುವಣ ಅಂತರವು, ಅವುಗಳ ಜಾತಿಯಿಂದಲೂ ಜೋಪಾನದಿಂದಲೂ, ಬಹಳ ದೊಡ್ಡದಾಗಿರಬಲ್ಲುದು.

ನಮ್ಮ ದೇಶವು ಈಚೆಗೆ ವಯಸ್ಸನ್ನೂ ಯೋಗ್ಯತೆಯನ್ನೂ ಒಟ್ಟೊಟ್ಟಿಗೆ ಅಳತೆಗೋಲಾಗಿ ಹಿಡಿದಿದೆ. 2021ರ ಆಗಸ್ಟಿನಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯು ಜಾರಿಗೆ ಬಂದು, ಯಂತ್ರಗಳಿಂದಲೇ ಪರೀಕ್ಷಿಸುವ ಕೇಂದ್ರಗಳಿಗೆ ನಿಯಮಗಳು ರಚಿತವಾದವು. ಹದಿನೈದು ವರ್ಷ ದಾಟಿದ ಕಾರಿನ ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು; ಇಪ್ಪತ್ತು ವರ್ಷ ಮೀರಿದ ಕಾರಿಗೆ 2025ರಲ್ಲಿ ಅದು 10,000 ರೂಪಾಯಿಯಾಯಿತು. ಸರಕಾರದ ಸ್ವಂತ ವಾಹನಗಳಿಗಾದರೋ 2023ರ ಏಪ್ರಿಲ್ 1ರಿಂದ ಹದಿನೈದು ವರ್ಷವೇ ಕಡೆಯ ಗಡಿ. ಅವುಗಳ ದೇಹಸ್ಥಿತಿಯನ್ನು ವಿಚಾರಿಸುವ ಪ್ರಶ್ನೆಯೇ ಏಳದು. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿಷೇಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದೂ ವಯಸ್ಸಿನ ಲೆಕ್ಕದ ಮೇಲೆಯೇ.

ವಯಸ್ಸಿನ ಲೆಕ್ಕವು ಅಧಿಕಾರಿಗೆ ಸುಲಭ, ಗುಜರಿಯವನಿಗೆ ಲಾಭಕರ. ನ್ಯಾಯವನ್ನು ಮಾತ್ರ ಅದು ಅರ್ಧಮರ್ಧವಾಗಿ ಒದಗಿಸುತ್ತದೆ. ಜೋಪಾನವಾದ ಇಪ್ಪತ್ತು ವರ್ಷದ ಕಾರಿನ ಮೇಲೆ ದಂಡದಂಥ ಶುಲ್ಕವನ್ನು ಹೊರಿಸಿ, ಬ್ರೇಕೇ ಇಲ್ಲದ ಎಂಟು ವರ್ಷದ ಕಾರನ್ನು ತಡೆಯಿಲ್ಲದೆ ಸಾಗಗೊಡುವ ವ್ಯವಸ್ಥೆಯು ರಸ್ತೆಯನ್ನು ಕಾಯುತ್ತದೆಂದು ಹೇಳಲು ಬಾರದು. 1939ರಲ್ಲಿ ಬಾಡಿಗೆಯ ಗಾಡಿಗೂ ಸ್ವಂತ ಕಾರಿಗೂ ನಡುವೆ ಎಳೆದ ಗೆರೆಯು ಕಾರುಗಳು ವಿರಳವಾಗಿದ್ದ ಕಾಲಕ್ಕೆ ಸರಿಯಾಗಿತ್ತು. ಇಂದು ಹಿರೇಕೆರೂರಿನ ಸಂತೆಯ ದಿನ ರಸ್ತೆಯನ್ನು ತುಂಬುವ ವಾಹನಗಳಲ್ಲಿ ಬಾಡಿಗೆಯದಾವುದು, ಸ್ವಂತದ್ದಾವುದು ಎಂದು ಅಡ್ಡಬಂದ ಪಾದಚಾರಿ ಕೇಳಲಾರ. ಎಂಟೋ ಹತ್ತೋ ವರ್ಷ ದಾಟಿದ ಪ್ರತಿಯೊಂದು ವಾಹನವೂ, ಯಾರದೇ ಆಗಿರಲಿ, ವರ್ಷಕ್ಕೊಮ್ಮೆ ಅಲ್ಪ ಶುಲ್ಕದಲ್ಲಿ, ತಾಲೂಕಿನ ಸಮೀಪದಲ್ಲಿಯೇ ಪರೀಕ್ಷೆಗೆ ನಿಲ್ಲುವಂತಾಗಬೇಕು; ನಿಂತು ಪಾಸಾದುದನ್ನು ಅದರ ಹುಟ್ಟಿದ ವರ್ಷವನ್ನು ಕೇಳದೆ ಓಡಗೊಡಬೇಕು.